ರೈಟ್

ಹತ್ತೊಂಬತ್ತು ವರ್ಷ ಸಾಯಬಣ್ಣನ ಮಾರಿಗಿಂತ
ದನೀನೇ ಹೆಚ್ಚು ನೋಡೀನಿ ನಾ.
ಡ್ರೈವರಂದ್ರ ಅಷ್ಟೇ. ಮುಂದ ರೋಡು,
ಹಿಂದಿನಿಂದ ಒಂದು ‘ರೈಟ್’.
ಕಲಬುರಗಿ–ಸೇಡಂ, ದಿನಕ್ಕ ಮೂರು ಟ್ರಿಪ್.
ಮಳಖೇಡದ ತಗ್ಗಿನ್ಯಾಗ ಬಸ್ಸು ಕುಣೀಲಿ, ವಾಲಲಿ,
ಅಂವ ಕಂಬಿ ಹಿಡಿದವನಲ್ಲ.
ಕಾಲು ಅಗಲ ಊರಿ, ಬೆರಳ ಸಂದ್ಯಾಗ ನೋಟು ಮಡಿಚಿಟ್ಟು
ಚಿಲ್ಲರ ಎಣಿಸ್ತಿದ್ದ, ಮನಿ ಕಟ್ಟಿ ಮ್ಯಾಲ ನಿಂತಂಗ.

ಈಗ ಎರಡೂ ಕಡಿ ಕಂಬಿ ಅದಾವ.
ನೆಲ ಅಲುಗಾಡಂಗಿಲ್ಲ.
ಅಂವ ನಿಂದ್ರಲಾರ.

ಲಕ್ವಾ ಬಲಕ್ಕ ಹೊಡದದ.
ಕೈ, ಕಾಲು, ಬಾಯಿಯ ಒಂದು ತುದಿ,
ಮತ್ತ ಮಾತು, ಪೂರಾ. ಒಂದೇ ಉಳದದ:
ನೀರು ಬೇಕಂದ್ರ ‘ರೈಟ್’, ಸಾಕಂದ್ರ ‘ರೈಟ್’,
ಸಿಟ್ಟು ಬಂದ್ರ ‘ರೈಟ್ ರೈಟ್ ರೈಟ್’ ಅಂತ ಎಡಗೈಲೆ ಮಂಚ ಬಡೀತಾನ.
ಹೆಂಡತಿ ಗುಂಡಮ್ಮ, ಆಕೀನೂ ‘ರೈಟ್’.
ವಾರ್ಡಿನ್ಯಾಗ ಮಂದಿ ನಕ್ಕರು. ಖರೇ ಹೇಳ್ತೀನಿ, ನಾನೂ ನಕ್ಕೆ.
ಆಮ್ಯಾಲ ಸ್ಕೂಟರ್ ಚಾವಿ ಹುಡುಕೋ ನೆವದಾಗ
ದವಾಖಾನಿ ಹೊರಗ ಭಾಳೊತ್ತು ನಿಂತೆ.

ಫಿಜಿಯೋ ಮೇಡಂ ಭಾಗೀರಥಿ, ಆಳಂದದ ಕಡ್ಯಾಕಿ,
ಸಣ್ಣ ಹುಡುಗಿ, ದೊಡ್ಡ ದನಿ.
‘ಕೈ ಹಿಡಿದು ಜಗ್ಗಬ್ಯಾಡ್ರಿ, ಹೆಗಲು ಜಾರ್ತದ’ ಅಂತ
ಮೊದಲನೇ ದಿನಾನೇ ನನಗ ಬೈದಳು.
‘ಸೋತ ಕಾಲಿಗೇ ಭಾರ ಕೊಡ್ರಿ ಕಾಕಾ,
ಅದಕ್ಕ ರಜಾ ಮಂಜೂರಾಗಿಲ್ಲ.
ಹಿಮ್ಮಡ ಮೊದಲು, ಆಮ್ಯಾಲ ಬೆರಳು.’
ಅಂವ ಬೆರಳೇ ಎಳೀತಿದ್ದ, ಪಂಕ್ಚರ್ ಗಾಲಿ ಎಳದಂಗ.
ಒಂದು ದಿನ ಆಕಿಗೆ ಏನು ಹೊಳೀತೋ,
‘ನೀವೇ ಹೇಳ್ರಿ ಕಾಕಾ. ನೀವು ಹೇಳದ ಗಾಡಿ ಬಿಡಂಗಿಲ್ಲ.’

ರೈಟ್. ಒಂದು ಹೆಜ್ಜಿ.
ರೈಟ್.
ನಿಂತ. ಮೂಗಿನ ತುದಿಗೆ ಬೆವರು.
ರೈಟ್.
ಅವತ್ತು ನಾಕು. ಮರುದಿನ ಎರಡೇ.

ತೊಗರಿ ಕಾಳು ಹರವಿ ಆರಿಸಂದ್ರ ಮಾರಿ ತಿರುವಿದ.
ಗುಂಡಮ್ಮ ಸೆರಗಿನ ಗಂಟು ಬಿಚ್ಚಿ
ಟೇಬಲ್ ಮ್ಯಾಲ ಚಿಲ್ಲರ ಸುರದಳು.
ಬಲಗೈ ಆಮಿಹಂಗ ಹೊರಟಿತು,
ಐದರ ಬಿಲ್ಲಿಯ ಅಂಚು ಮುಟ್ಟಿತು, ನೆಲಕ್ಕ ಕೆಡವಿತು.
ನಾ ಆರಿಸಿಕೊಡಾಕ ಬಗ್ಗಿದೆ.
‘ಸುಮ್ಮನಿರು ಮೈಬೂಬಣ್ಣ’ ಅಂದಳು.
ಇನ್ನೂರು ಸಲ, ದಿನಾ. ಒಂಬತ್ತು ಸಿಕ್ಕಿದ್ದು ದೀಪಾವಳಿ ಹೊತ್ತಿಗೆ.

‘ಇದರಿಂದ ಏನ್ ಬರ್ತದ ಮೇಡಂ?’
ತಲಿಯೊಳಗ ಸತ್ತ ಜಾಗ ಸತ್ತಂಗೇ ಅಂತ.
ಮಗ್ಗಲದ್ದು ಆ ಕೆಲಸ ಕಲೀಬೇಕಂತ.
ಅದು ನನಗ ತಿಳೀತು.
ಕಾಗಿಣಾ ತುಂಬಿ ಸೇತುವಿ ಮ್ಯಾಲ ನೀರು ಹರಿಯೋವಾಗ
ಹೊಲದ ಬದುವಿನಗುಂಟ, ಬಂಡಿ ಜಾಡಿನ್ಯಾಗ ಬಸ್ಸು ತಂದೀವಿ ನಾವಿಬ್ಬರು.
ಅಂವ ಬ್ಯಾಟ್ರಿ ಹಿಡಿದು ಮುಂದ ಮುಂದ ನಡದಿದ್ದ.
ಮೊದಲ ಗಾಡಿಗೆ ಅದು ದಾರಿ ಅಲ್ಲ.
ಇಪ್ಪತ್ತನೇ ಗಾಡಿಗೆ ದಾರಿ.

ಮೆಟ್ಟಲಿಗೆ ಬ್ಯಾರೆ ಲೆಕ್ಕ:
ಹತ್ತುವಾಗ ಗಟ್ಟಿ ಕಾಲು ಮುಂದ, ಇಳಿವಾಗ ಸೋತದ್ದು.
ಡಿಪೋದಾಗ ಟೇಪ್ ಹಿಡಿದು ಬಸ್ಸಿನ ಮೆಟ್ಟಲು ಅಳದೆ,
ಹದಿನಾಕು ಇಂಚು. ಮೇಡಂನ ಪೆಟ್ಟಿಗಿ ಆರು.
ಚೀಟಿ ಬರದು ಕೊಟ್ಟೆ. ನಕ್ಕಳು. ಪೆಟ್ಟಿಗಿ ಮ್ಯಾಲ
ವಾರಕ್ಕೊಂದು ಹಲಗಿ ಏರಿಸಿದಳು.

ಹನ್ನೊಂದನೇ ತಿಂಗಳು, ಒಂದು ಮಂಗಳವಾರ,
ಬಸ್‌ಸ್ಟ್ಯಾಂಡಿನ್ಯಾಗ ಮೂರು ಸಲ ಉಸಿರು ತೊಗೊಂಡು ಹತ್ತಿದ.
ನನ್ನ ಹಿಂದಿನ ಸೀಟು.
ಬಲಗೈ ತೊಡಿ ಮ್ಯಾಲ, ಅರ್ಧ ಮುಚ್ಚಿದ್ದು.
ಇನ್ನು ಅದು ಅಷ್ಟೇ ಇರಬಹುದು, ಮೇಡಂ ಮುಚ್ಚಿಟ್ಟಿಲ್ಲ.
ಹೊಸ ಕಂಡಕ್ಟರ್ ಹುಡುಗಿ ಮಷಿನ್ ಒತ್ಕೋತ ‘ರೈಟ್’ ಅಂದಳು.
ಗೇರ್ ಹಾಕಿದೆ.

ಬೆನ್ನಿಗೆ ಒಂದು ದನಿ. ತೊದಲು, ಒಡಕು.
‘ಹೋ… ಹೋಲ್ಡಾನ್!’

ಬ್ರೇಕ್ ತುಳದೆ.
ಕನ್ನಡ್ಯಾಗ, ಬುಟ್ಟಿ ಹೊತ್ತ ಮುದುಕಿ
ಓಡಿ ಬರ್ತಿದ್ದಳು.
ಹತ್ತಿ, ಬುಟ್ಟಿ ಇಳಿಸಿ,
ನನಗೇ ಬೈಕೋತ ಕುಂತಳು.